39 ಅಡಿಗೆ 5 ಗಟ್ಟಿ ಸ್ಲೀಪರ್: ಅಮೆರಿಕದ ಪುಟ್ಟ ಗೂಡ್ಸ್ ರೈಲುಗಳಿಗೆ ಸರ್ಕಾರದ ದುಡ್ಡು ಯಾಕೆ?

ರೈಲು ಅಂದರೆ ನಮಗೆ ಸರ್ಕಾರ. ಹಳಿ ಸರ್ಕಾರದ್ದು, ಗಾಡಿ ಸರ್ಕಾರದ್ದು, ಹಸಿರು ಬಾವುಟ ತೋರಿಸುವವರೂ ಸರ್ಕಾರಿ ಸಂಬಳದವರು. ಅಮೆರಿಕದಲ್ಲಿ ಗೂಡ್ಸ್ ರೈಲಿನ ಕಥೆ ಪೂರ್ತಿ ಉಲ್ಟಾ. ಅಲ್ಲಿ ಹಳಿ, ಹಳಿ ಕೆಳಗಿನ ಜಲ್ಲಿ, ಜಲ್ಲಿ ಕೆಳಗಿನ ಜಾಗ ಎಲ್ಲವೂ ಬಹುತೇಕ ಖಾಸಗಿ ಕಂಪನಿಗಳ ಸ್ವಂತ ಆಸ್ತಿ. ಆ ಜಾಗಕ್ಕೆ ತೆರಿಗೆ ಕಟ್ಟುವುದೂ ಅವರೇ, ರಿಪೇರಿ ಮಾಡಿಸುವುದೂ ಅವರೇ. ಹಾಗಿದ್ದ ಮೇಲೆ ಅಲ್ಲಿನ ಸರ್ಕಾರ ಸಣ್ಣ ಸಣ್ಣ ರೈಲು ಕಂಪನಿಗಳಿಗೆ ವರ್ಷ ವರ್ಷ ಕೋಟಿಗಟ್ಟಲೆ ಡಾಲರ್ ಯಾಕೆ ಕೊಡುತ್ತದೆ? ಇದು ಕೇಳಬೇಕಾದ ಪ್ರಶ್ನೆಯೇ. ಉತ್ತರ ಬಜೆಟ್ ಪುಸ್ತಕದಲ್ಲಿ ಸಿಗುವುದಕ್ಕಿಂತ ಹಳಿ ಪಕ್ಕ ಕೂತು ಸ್ಲೀಪರ್ (ಹಳಿ ಕೆಳಗೆ ಅಡ್ಡಕ್ಕೆ ಹಾಸುವ ದಿಮ್ಮಿ) ಎಣಿಸಿದರೆ ಚೆನ್ನಾಗಿ ಸಿಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು "ಸಣ್ಣ" ಅಂದರೆ ಎಷ್ಟು ಸಣ್ಣ ಅಂತ ನೋಡೋಣ. ಅಮೆರಿಕದ ರೈಲು ಕಂಪನಿಗಳನ್ನು ವರ್ಷದ ಆದಾಯ ನೋಡಿ ಮೂರು ದರ್ಜೆ ಮಾಡಿದ್ದಾರೆ. ಮೊದಲ ದರ್ಜೆಯಲ್ಲಿ ಈಗ ಆರೇ ಕಂಪನಿಗಳಿವೆ: ಬಿಎನ್‌ಎಸ್‌ಎಫ್, ಯೂನಿಯನ್ ಪೆಸಿಫಿಕ್, ಸಿಎಸ್‌ಎಕ್ಸ್, ನಾರ್‌ಫೋಕ್ ಸದರ್ನ್, ಮತ್ತೆ ಕೆನಡಾ ಮೂಲದ ಕೆನಡಿಯನ್ ನ್ಯಾಷನಲ್ ಮತ್ತು ಸಿಪಿಕೆಸಿ. ಮೂರನೇ ದರ್ಜೆ ಅಂದರೆ ವರ್ಷಕ್ಕೆ ಸುಮಾರು ನಾಲ್ಕೂವರೆ–ಐದು ಕೋಟಿ ಡಾಲರ್‌ಗಿಂತ ಕಡಿಮೆ ಆದಾಯದವು. ಎರಡನೇ ದರ್ಜೆಯವೂ ಇವೆ, ಆದರೆ ಕೈಬೆರಳೆಣಿಕೆಯಷ್ಟು. ಈ ಎರಡು ಮತ್ತು ಮೂರನೇ ದರ್ಜೆಯವನ್ನು ಸೇರಿಸಿ ಅಲ್ಲಿ "ಶಾರ್ಟ್ ಲೈನ್" ಅಂತ ಕರೆಯುತ್ತಾರೆ. ಅಂಥವು ಸುಮಾರು 600 ಇವೆ. ಕೆಲವಕ್ಕೆ ನೂರಾರು ಮೈಲಿ ಹಳಿ ಇದೆ. ಕೆಲವಕ್ಕೆ ನಾಲ್ಕೈದು ಮೈಲಿ, ಒಂದು ಹಳೇ ಎಂಜಿನ್, ಹತ್ತಿಪ್ಪತ್ತು ಜನ ಕೆಲಸಗಾರರು, ಅಷ್ಟೇ. ಗಾಡಿ ಓಡಿಸಿದವರೇ ಮಧ್ಯಾಹ್ನ ಹಳಿ ಪಕ್ಕದ ಪೊದೆ ಕಡಿಯುತ್ತಾರೆ.

ಆದರೆ ಎಲ್ಲವನ್ನೂ ಕೂಡಿಸಿ ನೋಡಿ. ಒಟ್ಟು ಹಳಿ ಸುಮಾರು 47,000ದಿಂದ 50,000 ಮೈಲಿ. ಅಂದರೆ 75,000 ಕಿಲೋಮೀಟರ್‌ಗೂ ಜಾಸ್ತಿ. ನಮ್ಮ ಇಡೀ ಭಾರತೀಯ ರೈಲ್ವೆಯ ಮಾರ್ಗದ ಉದ್ದ 70,000ದ ಆಸುಪಾಸು! ಹೆಸರು ಕೇಳಿರದ ಪುಟಾಣಿ ಕಂಪನಿಗಳ ಹಳಿ ನಮ್ಮ ದೇಶದ ಜಾಲಕ್ಕಿಂತ ಉದ್ದ ಇದೆ. ಅಮೆರಿಕದಲ್ಲಿ ಓಡುವ ಐದು ವ್ಯಾಗನ್‌ಗಳಲ್ಲಿ ಒಂದು ತನ್ನ ಪ್ರಯಾಣದಲ್ಲಿ ಎಲ್ಲೋ ಒಂದು ಕಡೆ ಇಂಥ ಹಳಿ ಮೇಲೆ ಹೋಗುತ್ತದೆ, ಹೆಚ್ಚಾಗಿ ಮೊದಲ ಕೆಲವು ಮೈಲಿ ಅಥವಾ ಕೊನೆಯ ಕೆಲವು ಮೈಲಿ.

ಈ ಹಳಿಗಳು ಇವರ ಕೈಗೆ ಬಂದದ್ದು ಹೇಗೆ ಅಂತ ತಿಳಿಯದೆ ದುಡ್ಡಿನ ವಿಷಯ ಅರ್ಥ ಆಗುವುದಿಲ್ಲ. 1970ರಲ್ಲಿ ಪೆನ್ ಸೆಂಟ್ರಲ್ ಅನ್ನುವ ದೈತ್ಯ ಕಂಪನಿ ದಿವಾಳಿಯಾಯಿತು. ಈಶಾನ್ಯ ಅಮೆರಿಕದಲ್ಲಿ ಇನ್ನೂ ಹಲವು ಕಂಪನಿಗಳು ಅದೇ ದಾರಿ ಹಿಡಿದವು. ಸರ್ಕಾರವೇ ಮುಂದೆ ಬಂದು ಕಾನ್‌ರೇಲ್ ಅಂತ ಕಂಪನಿ ಮಾಡಿ 1976ರ ಏಪ್ರಿಲ್ 1ರಿಂದ ಅವನ್ನು ನಡೆಸಬೇಕಾಯಿತು. ಎಲ್ಲರಿಗೂ ಗೊತ್ತಾದ ಸಂಗತಿ ಏನೆಂದರೆ, ದೊಡ್ಡ ಕಂಪನಿಗಳ ಕೊರಳಿಗೆ ಲೆಕ್ಕವಿಲ್ಲದಷ್ಟು ಕವಲು ಹಳಿಗಳು ಕಲ್ಲಿನಂತೆ ಜೋತುಬಿದ್ದಿದ್ದವು. ವಾರಕ್ಕೆ ಎರಡು ಸಲ ಹತ್ತು ವ್ಯಾಗನ್ ಬರುವ ಹಳಿ, ಆದರೆ ಮುಚ್ಚುವುದಕ್ಕೆ ಅನುಮತಿ ಕೇಳಿದರೆ ವರ್ಷಗಟ್ಟಲೆ ವಿಚಾರಣೆ. 1980ರ ಅಕ್ಟೋಬರ್‌ನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಸ್ಟ್ಯಾಗರ್ಸ್ ಕಾಯ್ದೆ ಈ ಗಂಟು ಬಿಚ್ಚಿತು. ದರ ನೀವೇ ನಿಗದಿ ಮಾಡಿಕೊಳ್ಳಿ, ಬೇಡದ ಹಳಿ ಮಾರಿಬಿಡಿ ಅಂದಿತು. ದೊಡ್ಡವರು ಮಾರಿದರು, ಸಣ್ಣವರು ಕೊಂಡರು. ಆಗ ಇನ್ನೂರರ ಆಸುಪಾಸಿದ್ದ ಶಾರ್ಟ್ ಲೈನ್‌ಗಳು ಈಗ 600 ಆಗಿರುವುದು ಹೀಗೆ.

ಆದರೆ ಮಾರುವವನು ಯಾವತ್ತಾದರೂ ಒಳ್ಳೇ ಎತ್ತನ್ನು ಮೊದಲು ಮಾರುತ್ತಾನಾ? ದೊಡ್ಡ ಕಂಪನಿಗಳು ಮಾರಿದ್ದು ಹೆಚ್ಚಾಗಿ ಹತ್ತಿಪ್ಪತ್ತು ವರ್ಷ ನಯಾಪೈಸೆ ರಿಪೇರಿ ಕಾಣದ ಹಳಿಗಳನ್ನು. ಹೊಸ ಮಾಲೀಕ ಬಂದ ದಿನವೇ ಹಳೇ ಮಾಲೀಕನ ಸೋಮಾರಿತನದ ಬಾಕಿಯೂ ಅವನ ತಲೆ ಮೇಲೆ ಬಂತು. ಆ ಬಾಕಿ ಇನ್ನೂ ತೀರಿಲ್ಲ. ಸರ್ಕಾರದ ದುಡ್ಡಿನ ಕಥೆ ಬಹುಮಟ್ಟಿಗೆ ಈ ಬಾಕಿಯ ಕಥೆ.

ಈಗ ಹಳಿ ಪಕ್ಕ ಕೂರೋಣ.

ಹಳೇ ಕಾಲದ ಅಮೆರಿಕನ್ ಹಳಿಯ ಒಂದು ತುಂಡಿನ ಉದ್ದ 39 ಅಡಿ. ಯಾಕೆ 40 ಅಲ್ಲ ಅಂದರೆ, 40 ಅಡಿಯ ವ್ಯಾಗನ್ ಒಳಗೆ ಹಾಕಿ ಸಾಗಿಸಲು ಒಂದು ಅಡಿ ಸಡಿಲ ಬೇಕಿತ್ತು. ಹೀಗೆ 39 ಅಡಿಗೊಂದು ಜಾಯಿಂಟ್, ಅಲ್ಲಿ ಎರಡು ತುಂಡನ್ನು ಹಿಡಿದಿಡುವ ಫಿಷ್‌ಪ್ಲೇಟ್ ಅನ್ನುವ ಪಟ್ಟಿ, ನಾಲ್ಕಾರು ಬೋಲ್ಟು. ದೊಡ್ಡ ಕಂಪನಿಗಳು ತಮ್ಮ ಮುಖ್ಯ ಮಾರ್ಗಗಳಲ್ಲಿ ಎಲ್ಲವನ್ನೂ ಬೆಸೆದು ಒಂದೇ ಉದ್ದ ಮಾಡಿಕೊಂಡಿವೆ. ಸಣ್ಣವರ ಹಳಿಯಲ್ಲಿ ಇನ್ನೂ ಆ ಟಕ್-ಟಕ್ ಸದ್ದು ಕೇಳುತ್ತದೆ. ನಮ್ಮ ಹಳೇ ಮೀಟರ್‌ಗೇಜ್ ಗಾಡಿಯಲ್ಲಿ ನಿದ್ದೆ ಬರಿಸುತ್ತಿದ್ದ ಅದೇ ಸದ್ದು. ಕೇಳೋಕೆ ಚೆಂದ, ಹಳಿಗೆ ಮಾತ್ರ ಯಮ. ಪ್ರತಿ ಚಕ್ರವೂ ಆ ಸಂದಿನಲ್ಲಿ ಸುತ್ತಿಗೆ ಏಟು ಕೊಟ್ಟೇ ಮುಂದೆ ಹೋಗುತ್ತದೆ. ಏಟು ಬಿದ್ದ ಕಡೆ ಜಲ್ಲಿ ಕುಸಿಯುತ್ತದೆ, ಜಲ್ಲಿ ಕುಸಿದ ಕಡೆ ನೀರು ನಿಲ್ಲುತ್ತದೆ, ನೀರು ನಿಂತ ಕಡೆ ಮರದ ಸ್ಲೀಪರ್ ಕೊಳೆಯುತ್ತದೆ.

ಆ 39 ಅಡಿಯಲ್ಲಿ ಸುಮಾರು 24 ಸ್ಲೀಪರ್ ಇರುತ್ತವೆ. ಅಲ್ಲಿನ ರೈಲು ಸುರಕ್ಷತಾ ನಿಯಮ ಏನು ಹೇಳುತ್ತದೆ ಗೊತ್ತಾ? ಅತಿ ಕೆಳಗಿನ ದರ್ಜೆಯ ನೇರ ಹಳಿಯಲ್ಲಿ ಆ 24ರಲ್ಲಿ ಐದು ಗಟ್ಟಿ ಇದ್ದರೆ ಸಾಕು. ಐದು! ಜಾಯಿಂಟ್ ಹತ್ತಿರ ಒಂದು ಗಟ್ಟಿಯದು ಇರಲೇಬೇಕು, ಎರಡು ಹಳಿಗಳ ನಡುವಿನ ಅಂತರ ಹೆಚ್ಚುಕಮ್ಮಿ ಆಗಬಾರದು, ಇಂಥ ಬೇರೆ ಷರತ್ತುಗಳೂ ಇವೆ, ಬಿಡಿ. ಆದರೆ ಹಾಗೆ ಓಡಿಸಿದರೆ ಗಂಟೆಗೆ 10 ಮೈಲಿ ಮೀರುವ ಹಾಗಿಲ್ಲ. ನಮ್ಮ ಲೆಕ್ಕದಲ್ಲಿ 16 ಕಿಲೋಮೀಟರ್. ಸೈಕಲ್ ತುಳಿಯುವ ಹುಡುಗ ಪಕ್ಕದಲ್ಲೇ ಬಂದು ಚಾಲಕನ ಹತ್ತಿರ ಮಾತಾಡಿಕೊಂಡು ಹೋಗಬಹುದು. ಎಂಟು ಗಟ್ಟಿ ಸ್ಲೀಪರ್ ಇದ್ದರೆ ಮುಂದಿನ ದರ್ಜೆ, ಗಂಟೆಗೆ 25 ಮೈಲಿ. ಸುಮ್ನೆ ಮೂರು ಸ್ಲೀಪರ್ ವ್ಯತ್ಯಾಸ ಅನ್ನಿಸುತ್ತದೆ. ಆದರೆ 50 ಮೈಲಿ ಹಳಿಗೆ ಈ ಮೂರು ಸ್ಲೀಪರ್ ಅಂದರೆ ಒಂದು ಪಾಳಿಯಲ್ಲಿ ಹೋಗಿ ಬರುವ ಗಾಡಿಗೂ, ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುವ ಗಾಡಿಗೂ ಇರುವ ವ್ಯತ್ಯಾಸ. ಗಂಟೆಗೆ 10 ಮೈಲಿಯಂತೆ ಹೋಗೋಕೆ ಐದು ಗಂಟೆ, ಬರೋಕೆ ಐದು ಗಂಟೆ, ನಡುವೆ ವ್ಯಾಗನ್ ಬಿಡಿಸೋದು ಜೋಡಿಸೋದು. ಚಾಲಕ 12 ಗಂಟೆ ಮೀರಿ ದುಡಿಯುವಂತಿಲ್ಲ ಅಂತ ಕಾನೂನು. ಮುಗೀತು ಕಥೆ, ಇನ್ನೊಬ್ಬ ಚಾಲಕನನ್ನು ಕಳಿಸಬೇಕು.

ಒಂದು ಮೈಲಿಗೆ ಸುಮಾರು 3,250 ಸ್ಲೀಪರ್. ಮರದ ಸ್ಲೀಪರ್ ಎಣ್ಣೆ ಕುಡಿಸಿ ಹಾಕಿದರೂ ಇಪ್ಪತ್ತೈದು, ಮೂವತ್ತು ವರ್ಷ ಬಾಳುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ಯಾವ ಉದ್ಧಾರವೂ ಇಲ್ಲದೆ, ಬರೀ ಇದ್ದ ಹಾಗೆ ಇರುವುದಕ್ಕೆ, ವರ್ಷಕ್ಕೆ ಮೈಲಿಗೆ ನೂರಕ್ಕೂ ಜಾಸ್ತಿ ಸ್ಲೀಪರ್ ಬದಲಾಯಿಸುತ್ತಿರಬೇಕು. ಒಂದಕ್ಕೆ ಕೂಲಿ ಸೇರಿ 100 ಡಾಲರ್ ಅಂತ ಹಿಡಿದರೆ (ಇದು ಲೆಕ್ಕಕ್ಕೆ ಅಂತ ನಾನು ಹಿಡಿದ ಅಂಕಿ, ಕಡಿಮೆಯೇ ಹಿಡಿದಿದ್ದೇನೆ) ಮೈಲಿಗೆ 10,000 ಡಾಲರ್‌ಗೂ ಮೇಲೆ. ನೂರು ಮೈಲಿ ಹಳಿಗೆ 10 ಲಕ್ಷ. ಸೇತುವೆ ಬೇರೆ, ಎಂಜಿನ್ ಬೇರೆ, ರಸ್ತೆ ದಾಟುವ ಕಡೆ ಗೇಟು ಬೇರೆ. ವರ್ಷಕ್ಕೆ 5,000 ವ್ಯಾಗನ್ ಸಾಗಿಸುವ ಕಂಪನಿಗೆ ಪ್ರತಿ ವ್ಯಾಗನ್ ಮೇಲೆ ಬರೀ ಸ್ಲೀಪರ್ ಖರ್ಚೇ 200 ಡಾಲರ್ ಬೀಳುತ್ತದೆ. ಆದಾಯದ ಕಾಲು ಭಾಗದಿಂದ ಮೂರನೇ ಒಂದು ಭಾಗ ಹಳಿಗೇ ವಾಪಸ್ ಹೋಗುತ್ತದೆ ಅಂತ ಈ ಕಂಪನಿಗಳ ಸಂಘ ಹೇಳಿಕೊಳ್ಳುತ್ತದೆ. ಸಂಘದವರು ತಮ್ಮ ಕಷ್ಟ ಸ್ವಲ್ಪ ಎತ್ತಿಯೇ ಹೇಳುತ್ತಾರೆ, ಆದರೂ ಮೇಲಿನ ಲೆಕ್ಕ ನೋಡಿದರೆ ಅತಿ ಅನ್ನಿಸುವುದಿಲ್ಲ.

ಇಷ್ಟು ಸಾಲದು ಅಂತ 1990ರ ದಶಕದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಲ್ಲಿಯವರೆಗೆ ತುಂಬಿದ ವ್ಯಾಗನ್‌ನ ಒಟ್ಟು ತೂಕ 2,63,000 ಪೌಂಡ್, ಅಂದರೆ 119 ಟನ್. ದೊಡ್ಡ ಕಂಪನಿಗಳು ಅದನ್ನು 2,86,000 ಪೌಂಡ್‌ಗೆ ಏರಿಸಿದವು, 130 ಟನ್. ನಾಲ್ಕು ಆಕ್ಸಲ್‌ಗೆ ಹಂಚಿದರೆ ಒಂದರ ಮೇಲೆ 32 ಟನ್‌ಗೂ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ 23 ಟನ್ ಸುತ್ತಮುತ್ತ, ವಿಶೇಷ ಮಾರ್ಗಗಳಲ್ಲಿ 25. ದೊಡ್ಡವರ ಹಳಿ ದಪ್ಪ ಇತ್ತು, ತಡೆದುಕೊಂಡಿತು. ಸಣ್ಣವರ ಹಳಿ ನೂರು ವರ್ಷದ ಹಿಂದಿನದು, ಎಷ್ಟೋ ಕಡೆ ಗಜಕ್ಕೆ 80–90 ಪೌಂಡಿನದು. 90 ಪೌಂಡ್ ಅಂದರೆ ಮೀಟರಿಗೆ 45 ಕೆಜಿ. ನಮ್ಮ ಮುಖ್ಯ ಮಾರ್ಗಗಳಲ್ಲಿ ಮೀಟರಿಗೆ 60 ಕೆಜಿಯ ಹಳಿ ಇದೆ ಅನ್ನೋದು ನೆನಪಿರಲಿ, ಅದೂ ಹಗುರ ವ್ಯಾಗನ್‌ಗೆ. ಹೀಗಾಗಿ ಸಣ್ಣ ಕಂಪನಿಗೆ ಎರಡೇ ದಾರಿ: ವ್ಯಾಗನ್ ಪೂರ್ತಿ ತುಂಬಬೇಡಿ ಅಂತ ಗಿರಾಕಿಗೆ ಹೇಳುವುದು, ಇಲ್ಲವೇ ಹಳಿಯನ್ನೇ ಬದಲಾಯಿಸುವುದು. ಮೊದಲನೆಯದು ಮಾಡಿದರೆ ಗಿರಾಕಿ ಲಾರಿ ಕಡೆ ನೋಡುತ್ತಾನೆ. ಎರಡನೆಯದಕ್ಕೆ ದುಡ್ಡಿಲ್ಲ. ಬ್ಯಾಂಕಿಗೆ ಹೋದರೆ, ಅಡವಿಟ್ಟ ಹಳಿಯನ್ನು ಕಿತ್ತು ಮಾರಿದರೆ ಬರೋದು ಗುಜರಿ ರೇಟು ತಾನೇ ಅಂತ ಬ್ಯಾಂಕಿನವನು ಲೆಕ್ಕ ಹಾಕುತ್ತಾನೆ.

ಈ ಜಾಗಕ್ಕೆ ಸರ್ಕಾರ ಬರುತ್ತದೆ. ಒಂದೇ ದಾರಿಯಲ್ಲಲ್ಲ, ನಾಲ್ಕು ದಾರಿಯಲ್ಲಿ. ನಾಲ್ಕರ ಸ್ವಭಾವವೂ ಬೇರೆ ಬೇರೆ.

ನನಗೆ ಅತಿ ಬುದ್ಧಿವಂತಿಕೆಯದು ಅನ್ನಿಸಿದ್ದು ಅತಿ ಬೋರಿನದೂ ಹೌದು: 45ಜಿ. ಅದು ತೆರಿಗೆ ಕಾನೂನಿನ ಒಂದು ಕಲಮಿನ ಸಂಖ್ಯೆ. 2004ರಲ್ಲಿ ಕಾಯ್ದೆಯಾಗಿ 2005ರಿಂದ ಜಾರಿಗೆ ಬಂತು. ಶಾರ್ಟ್ ಲೈನ್ ಕಂಪನಿ ಹಳಿ ರಿಪೇರಿಗೆ ಒಂದು ಡಾಲರ್ ಖರ್ಚು ಮಾಡಿದರೆ ಕಟ್ಟಬೇಕಾದ ತೆರಿಗೆಯಲ್ಲಿ ಆಗ 50 ಸೆಂಟ್ ಮುರಿದುಕೊಳ್ಳಬಹುದಿತ್ತು, ಆದರೆ ಒಟ್ಟು ಮೈಲಿಗೆ 3,500 ಡಾಲರ್ ಮೀರುವಂತಿಲ್ಲ. ಅರ್ಜಿ ಇಲ್ಲ, ಸಮಿತಿ ಇಲ್ಲ, ಮಂತ್ರಿ ಬಂದು ಟೇಪ್ ಕತ್ತರಿಸುವುದಿಲ್ಲ. ಮೊದಲು ನೀನು ಖರ್ಚು ಮಾಡು, ಆಮೇಲೆ ಮುರಿದುಕೋ. ಖರ್ಚು ಮಾಡದವನಿಗೆ ಏನೂ ಸಿಗುವುದಿಲ್ಲ. ಸರಿ, ತೆರಿಗೆ ಕಟ್ಟುವಷ್ಟು ಲಾಭವೇ ಇಲ್ಲದ ಬಡ ಕಂಪನಿ ಏನು ಮಾಡಬೇಕು? ಅದಕ್ಕೂ ದಾರಿ ಇಟ್ಟಿದ್ದಾರೆ. ತನ್ನ ಮೈಲಿಗಳನ್ನು ತನ್ನ ಗಿರಾಕಿಗೋ, ಸ್ಲೀಪರ್ ಮಾರುವ ಕಂಪನಿಗೋ ವಹಿಸಿಕೊಡಬಹುದು. ಅವರು ಹಳಿಗೆ ದುಡ್ಡು ಹಾಕಿ ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಹಳಿ ರಿಪೇರಿಯಾದರೆ ಆಯ್ತಲ್ವಾ, ಯಾರ ಖಾತೆಯಲ್ಲಾದರೇನು.

ಇದರಲ್ಲೂ ಎರಡು ತೊಡಕು. ಮೊದಲನೆಯದು, ಹದಿನೈದು ವರ್ಷ ಇದು ತಾತ್ಕಾಲಿಕವಾಗಿತ್ತು. ಅವಧಿ ಮುಗಿಯುತ್ತಿತ್ತು, ಸಂಸತ್ತು ಮತ್ತೆ ವಿಸ್ತರಿಸುತ್ತಿತ್ತು, ಕೆಲವೊಮ್ಮೆ ಅವಧಿ ಮುಗಿದು ವರ್ಷವಾದ ಮೇಲೆ ಹಿಂದಿನ ದಿನಾಂಕದಿಂದ ಕೊಡುತ್ತಿತ್ತು. ಹೀಗಾದರೆ ಸ್ಲೀಪರ್ ಆರ್ಡರ್ ಕೊಡುವವನು ಧೈರ್ಯ ಮಾಡುವುದು ಹೇಗೆ? 2020ರ ಡಿಸೆಂಬರ್‌ನಲ್ಲಿ ಕೊನೆಗೂ ಕಾಯಂ ಮಾಡಿದರು. ಆದರೆ ಕಾಯಂ ಮಾಡಿದ ಕೈಯಲ್ಲೇ 2023ರಿಂದ 50 ಸೆಂಟನ್ನು 40ಕ್ಕೆ ಇಳಿಸಿದರು. ಎರಡನೆಯದು, 3,500 ಡಾಲರ್ ಮಿತಿ 2005ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಬೆಲೆ ಏರಿದ್ದು ಅದಕ್ಕೆ ಗೊತ್ತೇ ಇಲ್ಲ. ಈಗ ಪೂರ್ತಿ 3,500 ಸಿಗಬೇಕಾದರೆ ಮೈಲಿಗೆ 8,750 ಡಾಲರ್ ಖರ್ಚು ಮಾಡಬೇಕು, ನನ್ನ 100 ಡಾಲರ್ ಲೆಕ್ಕದಲ್ಲಿ 87 ಸ್ಲೀಪರ್. ಅದೂ 2015ರ ಜನವರಿ 1ಕ್ಕೆ ಶಾರ್ಟ್ ಲೈನ್ ಕೈಯಲ್ಲಿದ್ದ ಹಳಿಗೆ ಮಾತ್ರ. ಆಮೇಲೆ ದೊಡ್ಡವರಿಂದ ಕೊಂಡ ಹಳಿಗೆ ಇಲ್ಲ. ಯಾಕೆ ಇಲ್ಲ ಅಂತ ಕೇಳಿದರೆ, ಯಾರೋ ಯಾವಾಗಲೋ ಆ ದಿನಾಂಕ ಬರೆದರು, ಅಷ್ಟೇ.

ಎರಡನೇ ದಾರಿ ದೊಡ್ಡ ಅನುದಾನ. ಇದರ ಉದ್ದ ಹೆಸರಿನ ಮೊದಲಕ್ಷರ ಸೇರಿಸಿ ಎಲ್ಲರೂ "ಕ್ರಿಸಿ" ಅನ್ನುತ್ತಾರೆ. 2015ರ ಸಾರಿಗೆ ಕಾಯ್ದೆಯಲ್ಲಿ ಹುಟ್ಟಿದ್ದು, 2021ರ ಮೂಲಸೌಕರ್ಯ ಕಾಯ್ದೆ ಬಂದ ಮೇಲೆ ಊದಿಕೊಂಡಿತು: ಐದು ವರ್ಷಕ್ಕೆ 500 ಕೋಟಿ ಡಾಲರ್ ಮೊದಲೇ ತೆಗೆದಿಟ್ಟರು. 2023ರ ಸೆಪ್ಟೆಂಬರ್‌ನಲ್ಲಿ 70 ಯೋಜನೆಗಳಿಗೆ 140 ಕೋಟಿ, 2024ರ ಅಕ್ಟೋಬರ್‌ನಲ್ಲಿ 122 ಯೋಜನೆಗಳಿಗೆ 240 ಕೋಟಿ ಘೋಷಣೆಯಾಯಿತು. ಪ್ಯಾಸೆಂಜರ್ ರೈಲಿಗೂ ರಸ್ತೆ ದಾಟುವ ಗೇಟುಗಳಿಗೂ ಇದರಲ್ಲೇ ಪಾಲು, ಆದರೂ ಶಾರ್ಟ್ ಲೈನ್‌ಗಳಿಗೆ ಇದು ಹಿಂದೆಂದೂ ಕಾಣದ ಮೊತ್ತ. ಖರ್ಚಿನಲ್ಲಿ ನೂರಕ್ಕೆ ಕನಿಷ್ಠ 20 ಭಾಗ ಅರ್ಜಿದಾರರೇ ಹಾಕಬೇಕು. ಕಾಲು ಭಾಗ ದುಡ್ಡು ಹಳ್ಳಿಗಾಡಿಗೆ ಮೀಸಲು.

ಕೇಳೋಕೆ ಚೆನ್ನಾಗಿದೆ. ಆದರೆ ಇಪ್ಪತ್ತು ಜನರ ಕಂಪನಿಯ ಜಾಗದಲ್ಲಿ ನಿಂತು ನೋಡಿ. ಅರ್ಜಿ ಹಾಕಲು ಖರ್ಚು-ಲಾಭದ ವಿಶ್ಲೇಷಣೆ ಬೇಕು, ಅದಕ್ಕೆ ಕನ್ಸಲ್ಟೆಂಟ್ ಬೇಕು, ಕನ್ಸಲ್ಟೆಂಟ್‌ಗೆ ಫೀಸು ಬೇಕು. 2023ರ ಸೆಪ್ಟೆಂಬರ್‌ನಲ್ಲಿ ಗೆದ್ದವರು ಅರ್ಜಿ ಹಾಕಿದ್ದು 2022ರ ಡಿಸೆಂಬರ್‌ನಲ್ಲಿ. ಪತ್ರಿಕೆಯಲ್ಲಿ ಹೆಸರು ಬಂದ ಮಾತ್ರಕ್ಕೆ ದುಡ್ಡು ಬರಲಿಲ್ಲ. ಪರಿಸರದ ಪರಿಶೀಲನೆ, ಅಮೆರಿಕದಲ್ಲೇ ತಯಾರಾದ ಉಕ್ಕು ಬಳಸಬೇಕೆಂಬ ನಿಯಮ, ಆಮೇಲೆ ಒಪ್ಪಂದಕ್ಕೆ ಸಹಿ, ಇದೆಲ್ಲ ಮುಗಿಯೋಕೆ ಇನ್ನೂ ಒಂದೆರಡು ವರ್ಷ ಹಿಡಿಯುತ್ತದೆ. ಒಪ್ಪಂದಕ್ಕೆ ಮೊದಲು ಮಾಡಿದ ಖರ್ಚು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಸಹಿಯಾದ ಮೇಲೂ ಮೊದಲು ಕೈಯಿಂದ ಹಾಕಿ, ಬಿಲ್ ತೋರಿಸಿ ವಾಪಸ್ ತೆಗೆದುಕೊಳ್ಳಬೇಕು. ಹಳಿ ಮಾತ್ರ ಈ ಮೂರು ವರ್ಷ ಕಾಯುತ್ತಾ ಕೂರುವುದಿಲ್ಲ. ಅದು ತನ್ನ ಪಾಡಿಗೆ ಕೊಳೆಯುತ್ತಿರುತ್ತದೆ. ಸೇತುವೆ ಬದಲಾಯಿಸೋಕೆ, 90 ಪೌಂಡಿನ ಹಳಿ ಕಿತ್ತು ದಪ್ಪ ಹಳಿ ಹಾಕೋಕೆ ಕ್ರಿಸಿಯೇ ಬೇಕು, ಬೇರೆ ಯಾವುದರಿಂದಲೂ ಆಗುವುದಿಲ್ಲ. ಆದರೆ ವರ್ಷ ವರ್ಷದ ಸ್ಲೀಪರ್‌ಗೆ ಅದನ್ನು ನಂಬಿ ಕೂತರೆ ಅಷ್ಟೇ.

ಮೂರನೆಯದು ಸಾಲ. "ರಿಫ್" ಅಂತ ಕರೆಯುವ 1998ರ ಯೋಜನೆ. ಒಟ್ಟು 3,500 ಕೋಟಿ ಡಾಲರ್‌ವರೆಗೆ ಸಾಲ ಕೊಡಬಹುದು, ಅದರಲ್ಲಿ 700 ಕೋಟಿ ದೊಡ್ಡವರಲ್ಲದ ಗೂಡ್ಸ್ ಕಂಪನಿಗಳಿಗೆ ಮೀಸಲು, ಬಡ್ಡಿ ಸರ್ಕಾರ ತಾನು ಸಾಲ ಎತ್ತುವ ದರದಷ್ಟೇ, ಅವಧಿ ದಶಕಗಟ್ಟಲೆ. ಇಷ್ಟು ಒಳ್ಳೇ ಸಾಲದ ದೊಡ್ಡ ಪಾಲು ಬಳಕೆಯಾಗಿಯೇ ಇಲ್ಲ. ಸಾಲ ಮುಳುಗಿದರೆ ಅಂತ ಮೊದಲೇ ಒಂದು ಗಂಟು ಕಟ್ಟಿಸಿಕೊಳ್ಳುತ್ತಾರೆ, ವಕೀಲರ ಖರ್ಚು ಬೇರೆ. 50 ಲಕ್ಷ ಡಾಲರ್ ಬೇಕಾದವನಿಗೆ ಈ ಓಡಾಟ ಗಿಟ್ಟುವುದಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ನಾಲ್ಕನೆಯದು ರಾಜ್ಯಗಳು. ಕಥೆ ನಿಜಕ್ಕೂ ರುಚಿಯಾಗುವುದು ಇಲ್ಲಿ.

ವರ್ಮಾಂಟ್ ರಾಜ್ಯದಲ್ಲಿ ರಟ್‌ಲೆಂಡ್ ರೈಲ್ವೆ ಅಂತ ಇತ್ತು. 1961ರಲ್ಲಿ ಮುಷ್ಕರ ಆಗಿ ನಿಂತದ್ದು ಮತ್ತೆ ಓಡಲೇ ಇಲ್ಲ, ಕಂಪನಿ ಬಾಗಿಲು ಹಾಕಿತು. ರಾಜ್ಯ ಸರ್ಕಾರ ಆ ಹಳಿಯನ್ನು ಕೊಂಡು ಹೊಸ ಖಾಸಗಿ ಕಂಪನಿಗೆ ಬಾಡಿಗೆಗೆ ಕೊಟ್ಟಿತು. 1964ರಲ್ಲಿ ಗಾಡಿ ಮತ್ತೆ ಓಡಿತು. ಹಳಿ ಊರಿನದು, ಗಾಡಿ ಓಡಿಸುವುದು ಸಾಹುಕಾರ. ಸೌತ್ ಡಕೋಟದಲ್ಲಿ ಮಿಲ್ವಾಕಿ ರೋಡ್ ಕಂಪನಿ 1977ರಲ್ಲಿ ದಿವಾಳಿಯಾಗಿ ರಾಜ್ಯದ ಗೋಧಿ ಬೆಳೆಗಾರರನ್ನು ನಡುನೀರಲ್ಲಿ ಬಿಟ್ಟಾಗ, ಅಲ್ಲಿನವರು ಮಾರಾಟ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಡಾಲರಿಗೆ ಒಂದು ಸೆಂಟ್ ಏರಿಸಿ, ಬಂದ ದುಡ್ಡಿನಲ್ಲಿ ಹಳಿ ಕೊಂಡರು. 2005ರ ಹೊತ್ತಿಗೆ ಅದರ ಮುಖ್ಯ ಭಾಗವನ್ನು ಬಿಎನ್‌ಎಸ್‌ಎಫ್‌ಗೆ ಮಾರಿದರು. ವಿಸ್ಕಾನ್ಸಿನ್‌ನಲ್ಲಿ ರಾಜ್ಯ ಸಂವಿಧಾನವೇ ಇಂಥ ಕೆಲಸಕ್ಕೆ ಸರ್ಕಾರ ಕೈ ಹಾಕಬಾರದು ಅಂತ ಅಡ್ಡ ನಿಂತಿತ್ತು. 1992ರಲ್ಲಿ ಜನರಿಂದ ಮತ ಹಾಕಿಸಿ ಸಂವಿಧಾನ ತಿದ್ದಿದರು. ನಮ್ಮ ಹಾಸನ–ಮಂಗಳೂರು ಮಾರ್ಗ ಬ್ರಾಡ್‌ಗೇಜ್ ಆದದ್ದು ನೆನಪಿದೆಯಾ? ಅದಕ್ಕೂ ರೈಲ್ವೆ, ಕರ್ನಾಟಕ ಸರ್ಕಾರ ಮತ್ತಿತರರ ಷೇರು ಸೇರಿಸಿ ಬೇರೆಯೇ ಕಂಪನಿ ಮಾಡಿದ್ದರು. 2006ರಲ್ಲಿ ಮೊದಲು ಓಡಿದ್ದು ಗೂಡ್ಸ್ ಗಾಡಿ. ಪ್ಯಾಸೆಂಜರ್ ಬಂದದ್ದು 2007ರ ಕೊನೆಗೆ. ಹಳಿಯ ಸಾಲ ತೀರಿಸುವುದು ಸರಕು, ಜನ ಅಲ್ಲ ಅನ್ನೋದು ಎರಡೂ ದೇಶಕ್ಕೆ ಗೊತ್ತು.

ವಾಷಿಂಗ್ಟನ್ ರಾಜ್ಯದ ಪಲೂಸ್ ಅನ್ನುವ ಸೀಮೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆ ರಾಜ್ಯದ ರಾಜಧಾನಿ ಇರುವುದು ಪಶ್ಚಿಮದ ಮಳೆ ಸೀಮೆಯಲ್ಲಿ, ಇದು ಪೂರ್ವದ ಒಣ ಸೀಮೆ. ಅಲೆಯ ಮೇಲೆ ಅಲೆ ಇಟ್ಟ ಹಾಗೆ ಗುಡ್ಡಗಳು, ಗುಡ್ಡದ ಮೈತುಂಬ ಗೋಧಿ. ಬೆಳೆದದ್ದರ ಬಹುಪಾಲು ಜಪಾನ್, ಫಿಲಿಪ್ಪೀನ್ಸ್, ಕೊರಿಯಾ ಕಡೆ ಹಡಗು ಹತ್ತುತ್ತದೆ. ಊರೂರಿಗೆ ಹಳಿ ಪಕ್ಕ ಎತ್ತರದ ಕಣಜಗಳು. ಈ ಕಣಜಗಳನ್ನು ಪೋಣಿಸಿಕೊಂಡು ಹೋಗುವ ಹಳಿಗೆ ಪಲೂಸ್ ರಿವರ್ ಮತ್ತು ಕೂಲಿ ಸಿಟಿ ಅಂತ ಹೆಸರು. ಕವಲು ಮೂರು, ಒಟ್ಟು 297 ಮೈಲಿ. ಖಾಸಗಿ ಮಾಲೀಕನಿಗೆ ಇದು ಗಿಟ್ಟದೆ ಮುಚ್ಚುವ ಮಾತು ಬಂದಾಗ 2004ರಿಂದ 2007ರ ಒಳಗೆ ರಾಜ್ಯ ಸರ್ಕಾರ ಕೊಂಡುಕೊಂಡಿತು. ಈಗ ಹಳಿ ರಾಜ್ಯದ ಸಾರಿಗೆ ಇಲಾಖೆಯದು, ಗಾಡಿ ಓಡಿಸುವುದು ಖಾಸಗಿ ಕಂಪನಿಗಳು.

ಕೊಂಡದ್ದು ಸುಲಭ. ಹಳಿಯ ಬಹುಭಾಗ ನೂರು ವರ್ಷ ದಾಟಿದ್ದು. ಮರದ ಸೇತುವೆಗಳು ಬೇರೆ. ಎಷ್ಟೋ ಕಡೆ ಅದೇ ಗಂಟೆಗೆ 10 ಮೈಲಿ. 130 ಟನ್ನಿನ ವ್ಯಾಗನ್ ತುಂಬಿಸಿ ಕಳಿಸಲು ಎಲ್ಲ ಕಡೆ ಆಗುವುದಿಲ್ಲ. 2013ರಲ್ಲಿ ರೈತರ ಸಹಕಾರ ಸಂಘಗಳು ಸೇರಿ ಓಕ್ಸ್‌ಡೇಲ್ ಊರಿನ ಹತ್ತಿರ 110 ವ್ಯಾಗನ್‌ಗಳ ಇಡೀ ಗಾಡಿಯನ್ನು ಒಂದೇ ಸಲಕ್ಕೆ ತುಂಬುವ ದೊಡ್ಡ ಕಣಜ ಕಟ್ಟಿದವು. ಮೇಲಿನ ಕೊಳವೆಯಿಂದ ಗೋಧಿ ಸುರಿಯುತ್ತಿರುತ್ತದೆ, ಕೆಳಗೆ ವ್ಯಾಗನ್‌ಗಳು ನಿಲ್ಲದೆ ನಡಿಗೆಗಿಂತ ನಿಧಾನಕ್ಕೆ ಸರಿಯುತ್ತಿರುತ್ತವೆ, ಒಂದರ ಮುಚ್ಚಳ ಹಾಕುವಷ್ಟರಲ್ಲಿ ಇನ್ನೊಂದು ಬಾಯಿ ತೆರೆದು ಬರುತ್ತದೆ. ಇಂಥ ಕಣಜ ಕಟ್ಟಲು ರೈತರು ಧೈರ್ಯ ಮಾಡಿದ್ದು ಹಳಿ ನಾಳೆ ಮುಚ್ಚಿಹೋಗುವುದಿಲ್ಲ ಅನ್ನುವ ನಂಬಿಕೆಯ ಮೇಲೆ. ಸರ್ಕಾರದ ಹಳಿ ಕೊಟ್ಟದ್ದು ಮುಖ್ಯವಾಗಿ ಆ ನಂಬಿಕೆಯನ್ನು. 2023ರ ಕ್ರಿಸಿ ಸುತ್ತಿನಲ್ಲಿ ಈ ಹಳಿಗೆ 7 ಕೋಟಿ ಡಾಲರ್‌ಗೂ ಹೆಚ್ಚು ಸಿಕ್ಕಿತು.

ಈಗ ಆಕ್ಷೇಪಗಳು. ಮೊದಲನೆಯದು ನೇರವಾದದ್ದು: ನಷ್ಟದ ಹಳಿ ಮುಚ್ಚಲಿ ಬಿಡಿ, ಲಾರಿ ಇದೆಯಲ್ಲ. ಸರಿ, ಲೆಕ್ಕ ಹಾಕೋಣ. ಒಂದು ವ್ಯಾಗನ್ ಸರಕು ಮೂರರಿಂದ ನಾಲ್ಕು ಲಾರಿಯಷ್ಟು. 5,000 ವ್ಯಾಗನ್ ಅಂದರೆ ವರ್ಷಕ್ಕೆ ಹದಿನೈದು, ಇಪ್ಪತ್ತು ಸಾವಿರ ಲಾರಿ, ಅದೂ ಹಳ್ಳಿಯ ಎರಡು ಲೇನ್ ರಸ್ತೆಯಲ್ಲಿ. ಆ ರಸ್ತೆ ಯಾರ ದುಡ್ಡಿನದು? ಲಾರಿಯವರು ಡೀಸೆಲ್ ಮೇಲೆ ಗ್ಯಾಲನ್‌ಗೆ 24.4 ಸೆಂಟ್ ಕೇಂದ್ರ ತೆರಿಗೆ ಕೊಡುತ್ತಾರೆ, ಆ ದರ 1990ರ ದಶಕದಿಂದ ಅಲುಗಾಡಿಲ್ಲ. ಹೆದ್ದಾರಿ ನಿಧಿ ಸಾಲದೆ 2008ರಿಂದ ಸರ್ಕಾರ ಸಾಮಾನ್ಯ ಖಜಾನೆಯಿಂದ ಮತ್ತೆ ಮತ್ತೆ ದುಡ್ಡು ಸುರಿಯುತ್ತಿದೆ. ಅಂದರೆ ಲಾರಿಗೂ ಸಬ್ಸಿಡಿ ಇದೆ. ಅದು ಡಾಂಬರಿನ ಬಣ್ಣದಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಲಾರಿಯವನು ರಸ್ತೆಗೆ ಆಸ್ತಿ ತೆರಿಗೆ ಕಟ್ಟುವುದಿಲ್ಲ, ರೈಲಿನವನು ಹಳಿಗೆ ಕಟ್ಟುತ್ತಾನೆ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿ, ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. "ಪುಟ್ಟ ರೈಲು" ಅಂದಾಗ ಎಲ್ಲರ ಕಣ್ಣ ಮುಂದೆ ಬರುವುದು ಹಳೇ ಎಂಜಿನ್ ಒರೆಸುತ್ತಾ ನಿಂತ ಊರಿನ ಮನುಷ್ಯ. ಆದರೆ ಈ 600ರಲ್ಲಿ ಬಹಳಷ್ಟು ಹತ್ತಾರು ಕಂಪನಿಗಳನ್ನು ಒಟ್ಟಿಗೆ ಇಟ್ಟುಕೊಂಡ ದೊಡ್ಡ ಹೋಲ್ಡಿಂಗ್ ಕಂಪನಿಗಳ ಕೈಯಲ್ಲಿವೆ. ಎಲ್ಲಕ್ಕಿಂತ ದೊಡ್ಡದು ಜೆನೆಸೀ ಅಂಡ್ ವಯೋಮಿಂಗ್. 1899ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಉಪ್ಪಿನ ಗಣಿಗೆ 14 ಮೈಲಿ ಹಳಿಯಾಗಿ ಶುರುವಾದದ್ದು, ಈಗ ನೂರಕ್ಕೂ ಹೆಚ್ಚು ರೈಲು ಕಂಪನಿಗಳ ಒಡೆಯ. 2019ರಲ್ಲಿ ಅದನ್ನು ಕೊಂಡವರು ಕೆನಡಾದ ಬ್ರೂಕ್‌ಫೀಲ್ಡ್ ಮತ್ತು ಸಿಂಗಪುರದ ಸರ್ಕಾರಿ ಹೂಡಿಕೆ ನಿಧಿ ಜಿಐಸಿ, ಸಾಲವೂ ಸೇರಿ ಸುಮಾರು 840 ಕೋಟಿ ಡಾಲರ್‌ಗೆ. ಅಷ್ಟು ದುಡ್ಡಿದ್ದವರಿಗೆ ಸ್ಲೀಪರ್ ಹಾಕಿಸಲು ತೆರಿಗೆದಾರ ಯಾಕೆ ದುಡ್ಡು ಕೊಡಬೇಕು? ಕಂಪನಿಯವರ ಉತ್ತರ ಹೀಗಿದೆ: ಪ್ರತಿ ಹಳಿಯೂ ತನ್ನ ಲೆಕ್ಕ ತಾನೇ ಹೊಂದಿಸಬೇಕು, ಲಾಭವಿಲ್ಲದ ಹಳಿಗೆ ಮಾಲೀಕ ಎಷ್ಟೇ ಶ್ರೀಮಂತನಾದರೂ ದುಡ್ಡು ಹಾಕುವುದಿಲ್ಲ, ಮುಚ್ಚಿದರೆ ಬೀಳುವ ಪೆಟ್ಟು ಗಿರಾಕಿಗೆ. ಅದು ಸುಳ್ಳಲ್ಲ. ಆದರೆ ಆ ಮಾತಿನಲ್ಲಿ ಸ್ವಲ್ಪ ಬೆದರಿಕೆಯ ವಾಸನೆಯೂ ಇದೆ ಅಲ್ವಾ?

ದುಡ್ಡು ಸೋರುವ ಇನ್ನೊಂದು ಕಡೆಯೂ ಇದೆ, ಅದನ್ನು ಗಮನಿಸುವವರು ಕಡಿಮೆ. ಎಷ್ಟೋ ಶಾರ್ಟ್ ಲೈನ್‌ಗಳು ಗಿರಾಕಿಗೆ ದರ ತಾವೇ ಹೇಳುವುದಿಲ್ಲ. ದರ ಹೇಳುವುದು ದೊಡ್ಡ ಕಂಪನಿ, ಸಣ್ಣವರಿಗೆ ವ್ಯಾಗನ್‌ಗೆ ಇಷ್ಟು ಅಂತ ಕೂಲಿ. ಹಳಿ ಮಾರುವಾಗಲೇ "ನಮ್ಮ ಎದುರಾಳಿ ಕಂಪನಿಗೆ ವ್ಯಾಗನ್ ಕೊಡಬಾರದು" ಅಂತ ಕರಾರು ಬರೆಸಿಕೊಂಡ ಉದಾಹರಣೆಗಳೂ ಬೇಕಾದಷ್ಟಿವೆ. ಸರ್ಕಾರದ ದುಡ್ಡಿನಿಂದ ಸಣ್ಣವರ ಹಳಿ ಚೆನ್ನಾಗಿ ಆಗಿ, ವ್ಯಾಗನ್ ತೂಕ ಏರಿ, ಅದರ ಲಾಭ ಮೇಲಿನ ದೊಡ್ಡ ಹಳಿಯವನಿಗೆ ಹರಿದುಹೋದರೆ? ತೂಕ ಏರಿಸಿ ಈ ಖರ್ಚು ಹುಟ್ಟಿಸಿದವರೂ ಅವರೇ, ಕೆಟ್ಟ ಹಳಿ ಮಾರಿದವರೂ ಅವರೇ. ಅವರಿಂದ ಒಂದು ಪಾಲು ವಸೂಲಿ ಮಾಡುವ ಮಾತನ್ನು ಮಾತ್ರ ಯಾರೂ ಜೋರಾಗಿ ಆಡುವುದಿಲ್ಲ.

ಹಾಗಾಗಿ ನನ್ನ ಒಲವು ವರ್ಮಾಂಟ್, ವಾಷಿಂಗ್ಟನ್ ದಾರಿಯ ಕಡೆ. ಜನರ ದುಡ್ಡು ಹಾಕುವುದೇ ಆದರೆ ಹಳಿಯೂ ಜನರ ಹೆಸರಲ್ಲಿರಲಿ. ಓಡಿಸುವವನು ಕೈಕೊಟ್ಟರೆ ಇನ್ನೊಬ್ಬನನ್ನು ಕರೆಯಬಹುದು. ಅದು ಸಾಧ್ಯವಿಲ್ಲದ ಕಡೆ 45ಜಿ ಥರದ ಬೋರು ದುಡ್ಡು, ಯಾರ ಹೆಸರಲ್ಲಿದ್ದರೂ ಕೊನೆಗೆ ಸ್ಲೀಪರ್ ಆಗಿಯೇ ನೆಲಕ್ಕೆ ಬೀಳುತ್ತದೆ. ಮಿತಿಯನ್ನು ಬೆಲೆ ಏರಿಕೆಗೆ ಕಟ್ಟಿ, ಆ 2015ರ ದಿನಾಂಕ ಕಿತ್ತುಹಾಕಿದರೆ ಸಾಕು.

ಪಲೂಸ್‌ಗೆ ಇನ್ನೊಂದು ತಿರುವಿದೆ. ಅಲ್ಲಿನ ಗೋಧಿಯ ಒಂದು ದೊಡ್ಡ ಭಾಗ ರೈಲು ಹತ್ತುವುದಿಲ್ಲ, ಲಾರಿಯಲ್ಲಿ ಸ್ನೇಕ್ ನದಿಯ ದಂಡೆಗೆ ಹೋಗಿ ಬಾರ್ಜ್ (ಸರಕಿನ ಚಪ್ಪಟೆ ದೋಣಿ) ಹತ್ತುತ್ತದೆ. ನದಿಯಲ್ಲಿ ಬಾರ್ಜ್ ತೇಲುವಷ್ಟು ನೀರು ನಿಲ್ಲುವುದು ನಾಲ್ಕು ಅಣೆಕಟ್ಟುಗಳಿಂದ. ಸಾಲ್ಮನ್ ಮೀನು ಉಳಿಯಬೇಕಾದರೆ ಆ ಅಣೆಕಟ್ಟುಗಳನ್ನು ಒಡೆಯಬೇಕು ಅಂತ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು, ಪರಿಸರದವರು ದಶಕಗಳಿಂದ ಹೋರಾಡುತ್ತಿದ್ದಾರೆ. ರೈತರು ವಿರೋಧಿಸುತ್ತಿದ್ದಾರೆ. ಒಡೆದರೆ ಆ ಗೋಧಿಯಲ್ಲಿ ಬಹಳಷ್ಟು ಹುಡುಕಿಕೊಂಡು ಬರುವುದು ಇದೇ 297 ಮೈಲಿ ಹಳಿಯನ್ನು. ಕ್ರಿಸಿಗೆ ಮೊದಲೇ ತೆಗೆದಿಟ್ಟ 500 ಕೋಟಿಯ ಕಾಯ್ದೆಗೆ 2026ರ ಸೆಪ್ಟೆಂಬರ್ 30 ಕೊನೇ ದಿನ. ಅಲ್ಲಿಗೆ ಗೋಧಿ ಕಟಾವು ಮುಗಿದು ಕಣಜಗಳು ತುಂಬಿರುತ್ತವೆ.